ಹರಿಯಬ್ಬೆಯ ಸೊನ್ನೆ ಕುರಿ

ಓಬಳೇಶನಿಗೆ ಆ ಶನಿವಾರ ವಕ್ಕರಿಸಿದ ಗಂಡಾಂತರ ಶುರುವಾದದ್ದು ಒಂದು ಸೊನ್ನೆಯಿಂದ. ಅದೂ ಅವನ ಹೆಬ್ಬೆರಳೇ ಒತ್ತಿದ ಸೊನ್ನೆ. ಬೇರೆ ಯಾರನ್ನೂ ಬಯ್ಯುವ ಹಾಗಿರಲಿಲ್ಲ.

ಹಿರಿಯೂರು ಬಸ್ ಸ್ಟ್ಯಾಂಡಿನ ಹಿಂದೆ ಉಚ್ಚಂಗಮ್ಮನ ಹೋಟೆಲ್ಲಿನಲ್ಲಿ ಅವನು ಮಂಡಕ್ಕಿ, ಮೆಣಸಿನಕಾಯಿ ಮುಂದಿಟ್ಟುಕೊಂಡು ಕೂತಿದ್ದ. ಕಾಲ ಬಳಿ ಲಸಿಕೆಯ ಐಸ್ ಡಬ್ಬಿ. ಅವನ ಕಸುಬು ಕುರಿಗಳಿಗೆ ಕರುಳುಬೇನೆಯ ಲಸಿಕೆ ಚುಚ್ಚುವುದು. ಒಂದು ಟ್ರಸ್ಟಿನವರು ಮೂರು ವರ್ಷದಿಂದ ಅವನನ್ನು ಗುತ್ತಿಗೆಯ ಮೇಲೆ ಇಟ್ಟುಕೊಂಡಿದ್ದರು. ಕೆಲಸ ಕಾಯಂ ಮಾಡುವ ಕಾಗದಕ್ಕೆ ಸೋಮವಾರ ಸಹಿ ಬೀಳುವುದಿತ್ತು. ಹೆಂಡತಿ ಮಮತಾ ಆ ಸುದ್ದಿಯನ್ನು ಆಗಲೇ ತವರಿಗೆ ಮುಟ್ಟಿಸಿದ್ದಳು, ತವರಿನವರು ಅದನ್ನು ಶ್ರೀರಾಂಪುರದ ತುಂಬಾ ಹಂಚಿದ್ದರು. ಸಹಿಗೆ ಮೊದಲು ಅವನ ಪಾಲಿನ ಹಿಂಡುಗಳೆಲ್ಲ ಮುಗಿದಿರಬೇಕೆಂಬುದು ಷರತ್ತು. ಎಲ್ಲ ಮುಗಿದಿದ್ದವು, ಹರಿಯಬ್ಬೆಯ ರಂಗಯ್ಯನ ಹಿಂಡು ಒಂದನ್ನು ಬಿಟ್ಟು.

ರಂಗಯ್ಯನ ಹಿಂಡು ಯಾಕೆ ಉಳಿದಿತ್ತು ಅಂದರೆ, ಅಲ್ಲೊಂದು ಟಗರಿತ್ತು. ಹೋದ ವರ್ಷ ಅದು ಓಬಳೇಶನನ್ನು ಬೇಲಿಯ ಈ ಕಡೆಯಿಂದ ಆ ಕಡೆಗೆ ಕಳಿಸಿತ್ತು. ಅದು ಸಾಲದೆಂಬಂತೆ ರಂಗಯ್ಯ ತನ್ನ ಕುರಿಗಳನ್ನು ಎಣಿಸಲು ಯಾರಿಗೂ ಬಿಡುತ್ತಿರಲಿಲ್ಲ. ಎಣಿಸಿದರೆ ಕಣ್ಣು ತಾಗಿ ಹಿಂಡು ಕರಗುತ್ತದೆ ಎಂದು ಅವನ ತಾತನ ಕಾಲದಿಂದ ಬಂದ ಮಾತು. ಹೀಗಾಗಿ ಹಳೆಯ ಪುಸ್ತಕದಲ್ಲಿ ರಂಗಯ್ಯನ ಹೆಸರಿನ ಮುಂದೆ ಬರೀ ಒಂದು ಅಡ್ಡಗೆರೆ.

ಈಗ ಪುಸ್ತಕ ಹೋಗಿ ಫೋನಿನಲ್ಲಿ ಆ್ಯಪ್ ಬಂದಿತ್ತು. ಎಷ್ಟು ಬಾಟ್ಲಿ ಲಸಿಕೆ, ಎಷ್ಟು ಕುರಿ ಎಂದು ತುಂಬಿ ‘ಮುಗಿಯಿತು’ ಒತ್ತಿದರೆ ಕೆಲಸ ಆದಂತೆ. ಇವತ್ತು ಇಲ್ಲೇ ಕೂತು ಒತ್ತಿಬಿಡೋಣ, ಮುಂದಿನ ವಾರ ಹೋಗಿ ಚುಚ್ಚಿ ಬಂದರಾಯಿತು ಎಂದುಕೊಂಡ ಓಬಳೇಶ. ಬಾಟ್ಲಿ ಆರು ಎಂದು ತುಂಬಿದ. ಕುರಿ ಎಷ್ಟೆಂದು ಸುಳ್ಳು ಹೇಳಲು ಮನಸ್ಸು ಒಪ್ಪಲಿಲ್ಲ. ಪಾಪ, ಅಷ್ಟು ಮಟ್ಟಿಗೆ ಅವನು ಸತ್ಯವಂತ. ಸೊನ್ನೆ ಹಾಕಿದರೆ ಸುಳ್ಳು ಹೇಳಿದಂತೆ ಆಗುವುದಿಲ್ಲ ಎಂದು ಸೊನ್ನೆ ಹಾಕಿ ‘ಮುಗಿಯಿತು’ ಒತ್ತಿದ.

ಆ್ಯಪ್ ಕಣ್ಣು ಮುಚ್ಚಿತು. ‘ಆ್ಯಪ್ ನಿಂತುಹೋಗಿದೆ. ಏನಾಯಿತೆಂಬ ವರದಿ ನಮಗೆ ತಲುಪಿದೆ’ ಎಂದು ಬರಹ ಬಂತು. ಓಬಳೇಶ ಮತ್ತೆ ತೆರೆದು ಮತ್ತೆ ಸೊನ್ನೆ ಒತ್ತಿದ. ಮತ್ತೆ ಅದೇ. ಹೀಗೆ ಒಂಬತ್ತು ಸಲ ಒತ್ತಿದ ಮೇಲೆ, ಒಂಬತ್ತು ಸಲವೂ ಏನೋ ಎಲ್ಲಿಗೋ ತಲುಪಿದೆ ಎಂಬುದು ಅವನ ತಲೆಗೆ ಹೊಳೆಯಿತು. ಬಾಯಿಗೆ ಹೊರಟಿದ್ದ ಮಂಡಕ್ಕಿ ಕೈಯಲ್ಲೇ ಉಳಿಯಿತು.

ಎದುರಿಗೆ ಚಹಾ ಕುಡಿಯುತ್ತಿದ್ದ ಪ್ರದೀಪ ಮೊಬೈಲ್ ರಿಪೇರಿ ಅಂಗಡಿಯವನು. ಗೊತ್ತಿದ್ದದ್ದನ್ನೂ ಗೊತ್ತಿಲ್ಲದ್ದನ್ನೂ ಒಂದೇ ದನಿಯಲ್ಲಿ ಹೇಳಬಲ್ಲವನು.

"ಅದು ಕ್ರ್ಯಾಶ್ ರಿಪೋರ್ಟ್ ಕಣಪ್ಪ," ಅಂದ ಪ್ರದೀಪ. "ವಿಮಾನ ಬಿದ್ರೆ ಕಪ್ಪು ಡಬ್ಬಿ ಹುಡುಕ್ತಾರಲ್ಲ, ಹಂಗೆ. ಆ್ಯಪ್ ಬಿದ್ದಾಗ ಯಾವ ಫೋನು, ಎಷ್ಟು ಹೊತ್ತಿಗೆ, ಏನು ಒತ್ತಿದ, ಎಲ್ಲಾ ಬರ್ಕಂಡು ಕಂಪನಿಗೆ ಹೋಗ್ತೈತೆ. ಅಲ್ಲಿ ಕುಂತೋರು ನೋಡಿ ರಿಪೇರಿ ಮಾಡ್ತಾರೆ."

"ಎಲ್ಲಿ ಕುಂತಿದ್ದ ಅನ್ನೋದೂ ಹೋಗ್ತೈತಾ?"

"ಹೋಗದೆ ಇರ್ತೈತಾ? ನೀನು ಕುಂತಿರೋ ಬೆಂಚು ಸಮೇತ ಹೋಗಿರ್ತೈತೆ."

ಓಬಳೇಶ ಬೆಂಚಿನಿಂದ ಎದ್ದು ನಿಂತ. ಎದ್ದು ನಿಂತರೆ ಏನು ಬಂತು, ಹೋಗುವುದೆಲ್ಲ ಹೋಗಿಯಾಗಿತ್ತು. ಅವನ ಕಣ್ಣ ಮುಂದೆ ಟ್ರಸ್ಟಿನ ಮುಖ್ಯಸ್ಥರಾದ ಡಾಕ್ಟರ್ ಶಿವಕುಮಾರಪ್ಪನವರು ಬಂದು ನಿಂತರು. ಚಿತ್ರದುರ್ಗದ ಕಚೇರಿಯಲ್ಲಿ ಕೂತಿರುವ ಆ ಮನುಷ್ಯ ಜೋರಾಗಿ ಬಯ್ದದ್ದನ್ನು ಯಾರೂ ಕೇಳಿಲ್ಲ. ಹೊಳಲ್ಕೆರೆ ಕಡೆ ಒಬ್ಬ ಹೋಗದ ಹಟ್ಟಿಗೆ ಹೋಗಿದ್ದೆ ಎಂದು ಬರೆದದ್ದಕ್ಕೆ, ಅವನಿಗೆ ಚಹಾ ಕುಡಿಸಿ, ಬೆನ್ನು ತಟ್ಟಿ, ಮಧ್ಯಾಹ್ನದ ಊಟಕ್ಕೆ ಮುಂಚೆ ಕೆಲಸದಿಂದ ತೆಗೆದು ಮನೆಗೆ ಕಳಿಸಿದ್ದರು. ಓಬಳೇಶ ಪ್ರದೀಪನ ಕಡೆ ತಿರುಗಿದ.

"ಏನು ಮಾಡ್ಲೋ ಈಗ?"

ದೋಸೆ ಕಲ್ಲಿನ ಹಿಂದಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ಉಚ್ಚಂಗಮ್ಮ ಸೌಟು ಹಿಡಿದೇ ಬಂದಳು. "ಸಿಕ್ಕಿ ಬೀಳಾಕೆ ಮುಂಚೆ ನೀನೇ ಒಪ್ಕಂಡುಬಿಡಪ್ಪ. ನಮ್ಮ ಯಜಮಾನ್ರು ಹಂಗೇ ಮಾಡೋರು. ಅರ್ಧ ಬೈಗುಳ ಕಡಿಮೆ ಆಗ್ತಿತ್ತು."

"ಇಲ್ಲೇ ಜಾಗ ಕೊಟ್ಟವ್ರೆ ನೋಡು," ಎಂದು ಪ್ರದೀಪ ಫೋನಿನ ಮೇಲೆ ಬೆರಳಿಟ್ಟು ತೋರಿಸಿದ. ‘ಆ್ಯಪ್ ನಿಂತಾಗ ನೀವು ಏನು ಮಾಡುತ್ತಿದ್ದಿರಿ? ಇಷ್ಟವಿದ್ದರೆ ತಿಳಿಸಿ’ ಎಂದಿತ್ತು. ಕೆಳಗೊಂದು ಖಾಲಿ ಚೌಕ.

ಹೆದರಿದವನಿಗೆ ಖಾಲಿ ಚೌಕ ಕೊಡಬಾರದು. ಓಬಳೇಶ ಎಸ್ಸೆಸ್ಸೆಲ್ಸಿಯ ಕನ್ನಡ ಪರೀಕ್ಷೆಯಲ್ಲೂ ಅಷ್ಟು ಮನಸ್ಸಿಟ್ಟು ಬರೆದಿರಲಿಲ್ಲ.

‘ಮಾನ್ಯರೇ, ನಾನು ಹಿರಿಯೂರಿನ ಲಸಿಕೆಯವನು ಓಬಳೇಶ. ಹರಿಯಬ್ಬೆ ರಂಗಯ್ಯನವರ ಹಟ್ಟಿಗೆ ಹೋಗದೆ, ಬಸ್ ಸ್ಟ್ಯಾಂಡ್ ಹಿಂದಿನ ಹೋಟೆಲ್ಲಿನಲ್ಲಿ ಕೂತು ಕುರಿ ಸೊನ್ನೆ ಎಂದು ಒತ್ತಿದ್ದರಿಂದ ಆ್ಯಪ್ ಒಂಬತ್ತು ಸಲ ಸತ್ತಿತು. ಟಗರಿಗೆ ಹೆದರಿ ಹೋಗಲಿಲ್ಲ. ದಯವಿಟ್ಟು ಡಾಕ್ಟರ್ ಶಿವಕುಮಾರಪ್ಪನವರಿಗೆ ತಿಳಿಸಬೇಡಿ. ಇಂತಿ ವಿಧೇಯ.’

ಕೆಳಗೆ ಫೋನ್ ನಂಬರನ್ನೂ ಹಾಕಿ ಕಳಿಸಿದ. ಕಳಿಸಿದ ಕ್ಷಣಕ್ಕೆ ಎದೆ ಹಗುರಾಯಿತು, ಮರುಕ್ಷಣಕ್ಕೆ ಎರಡರಷ್ಟು ಭಾರವಾಯಿತು. ವಿಚಾರಣೆಗೆ ಯಾರಾದರೂ ಬರುವ ಮುಂಚೆ ಆ ಹಿಂಡಿಗೆ ನಿಜವಾಗಿಯೂ ಚುಚ್ಚಿಬಿಟ್ಟರೆ ತನ್ನನ್ನು ಯಾರೇನು ಮಾಡಿಯಾರು ಎಂದು ಅವನಿಗೆ ಆಮೇಲೆ ತೋಚಿತು. ಐಸ್ ಡಬ್ಬಿ ಎತ್ತಿಕೊಂಡು ಮೊಪೆಡ್ ಏರಿ ಹರಿಯಬ್ಬೆಯ ದಾರಿ ಹಿಡಿದ. ದಾರಿಯುದ್ದಕ್ಕೂ ಹಿಂದೆ ಬಂದ ಪ್ರತಿ ಬಿಳಿ ಕಾರೂ ಟ್ರಸ್ಟಿನದೇ ಎನ್ನಿಸಿತು.

ರಂಗಯ್ಯ ಬೇವಿನ ಮರದ ಕೆಳಗೆ ಕಂಬಳಿ ಹಾಸಿಕೊಂಡು ಕೂತಿದ್ದ. ಎಪ್ಪತ್ತು ದಾಟಿದ ಮನುಷ್ಯ, ಮಾತಿಗೆ ಮುಂಚೆ ಬಂದವನನ್ನು ಕಾಲಿಂದ ತಲೆಯವರೆಗೆ ನೋಡುವವನು.

"ಏನಪ್ಪ, ಈ ಬಿಸಿಲಾಗೆ? ಹೋದ ವರ್ಷ ಬೇಲಿ ಹಾರಿ ಓಡ್ದೋನು ಈ ವರ್ಷ ಬರಲ್ಲ ಅಂದ್ಕಂಡಿದ್ದೆ."

"ಅಜ್ಜ, ಇವತ್ತೇ ಚುಚ್ಚಬೇಕು. ಈಗ್ಲೇ. ಕುರಿ ಹಿಡಿಸ್ಕೊಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಚುಚ್ಚು, ಬ್ಯಾಡ ಅಂದವ್ರು ಯಾರು. ಆದ್ರೆ ಬಾಯಲ್ಲಿ ಒಂದು, ಎರಡು ಅನ್ನೋದು ಬರಕೂಡದು. ಮನಸ್ನಾಗೂ ಅನ್ಕಬ್ಯಾಡ."

ರಂಗಯ್ಯನ ಮೊಮ್ಮಕ್ಕಳು ಕುರಿ ಹಿಡಿದರು, ಓಬಳೇಶ ಚುಚ್ಚಿದ. ಮನಸ್ಸಿನಲ್ಲೂ ಎಣಿಸದಿರುವುದು ಹೇಗೆ? ನಾಲಗೆ ಕಚ್ಚಿಕೊಂಡು ಚುಚ್ಚಿದ. ಎರಡನೆಯ ಬಾಟ್ಲಿ ಮುಗಿಯುವ ಹೊತ್ತಿಗೆ ಜೇಬಿನಲ್ಲಿ ಫೋನು ಬಡಿದುಕೊಂಡಿತು. ನೋಡಿದರೆ ಬೆಂಗಳೂರಿನ ನಂಬರು. ಕಂಪನಿಯವರೇ. ಅವನು ಫೋನನ್ನು ಹಾಗೇ ಜೇಬಿಗೆ ತುರುಕಿದ. ಅದು ಮತ್ತೆ ಬಡಿದುಕೊಂಡಿತು. ಮೂರನೆಯ ಸಲಕ್ಕೆ ಕೈ ತಪ್ಪಿ ಸೂಜಿ ಕುರಿಯ ಬದಲು ಅವನ ಹೆಬ್ಬೆರಳಿಗೇ ಇಳಿಯಿತು.

"ಬಿಡು," ಅಂದ ರಂಗಯ್ಯ ಸಮಾಧಾನವಾಗಿ. "ಈ ವರ್ಷ ನಿಂಗೂ ಕರುಳುಬೇನೆ ಬರಲ್ಲ."

ಟಗರು ಕೊನೆಗೆ ಬಂತು. ನಾಲ್ಕು ಜನ ಹಿಡಿದಿದ್ದರೂ ಅದು ಓಬಳೇಶನ ತೊಡೆಗೆ ಒಂದು ಕೊಟ್ಟೇ ಲಸಿಕೆ ಹಾಕಿಸಿಕೊಂಡಿತು. ಅವನಿಗೆ ನೋವು ಗೊತ್ತಾಗಲೇ ಇಲ್ಲ. ಹೆದರಿಕೆ ಆ ಮಟ್ಟಿಗಿತ್ತು. ಕೆಲಸ ಮುಗಿಸಿ, ಕುಂಟುತ್ತಾ ಮೊಪೆಡ್ಡಿನ ಹಿಂದೆ ಮರೆಯಾಗಿ ನಿಂತು ಬಾಟ್ಲಿಗಳ ಲೆಕ್ಕ ಹಿಡಿದ. ಬಾಟ್ಲಿಗೆ ನಲವತ್ತು ಕುರಿ. ಐದು ಖಾಲಿಯಾಗಿವೆ, ಆರನೆಯದರಲ್ಲಿ ಹದಿನೇಳು ಹೋಗಿದೆ. ಇನ್ನೂರ ಹದಿನೇಳು. ಕುರಿಯನ್ನು ಎಣಿಸದೆಯೇ ಎಣಿಸಿದ್ದಾಗಿತ್ತು. ಆ ಅಂಕಿ ಹಾಕಿ ‘ಮುಗಿಯಿತು’ ಒತ್ತಿದ. ಆ್ಯಪ್ ಸಾಯಲಿಲ್ಲ. ‘ಧನ್ಯವಾದ’ ಅಂದಿತು. ಬೆಳಗಿನಿಂದ ಮೊದಲ ಸಲ ಓಬಳೇಶ ಪೂರ್ತಿ ಉಸಿರೆಳೆದುಕೊಂಡ. ಸುಳ್ಳು ನಿಜವಾಗಿತ್ತು. ಇನ್ನು ಯಾರ ಭಯ?

ಆ ಧೈರ್ಯದಲ್ಲೇ ಐದನೆಯ ಸಲ ಬಡಿದುಕೊಂಡ ಫೋನನ್ನು ಎತ್ತಿದ.

"ಓಬಳೇಶ್ ಸರ್, ನಾನು ರಮ್ಯಾ, ಆ್ಯಪ್ ಮಾಡಿದ ಕಂಪನಿಯಿಂದ. ಬೆಳಿಗ್ಗೆಯಿಂದ ನಿಮಗೆ ಥ್ಯಾಂಕ್ಸ್ ಹೇಳೋಕೆ ಫೋನ್ ಮಾಡ್ತಾ ಇದೀನಿ."

"ಥ್ಯಾಂಕ್ಸಾ?"

"ಹೌದು ಸರ್. ಮೂರು ತಿಂಗಳಿಂದ ಇದೇ ಕ್ರ್ಯಾಶ್ ಬರ್ತಾ ಇತ್ತು. ಲಸಿಕೆನ ಕುರಿಗಳಿಗೆ ಭಾಗ ಮಾಡೋ ಲೆಕ್ಕದಲ್ಲಿ ಸೊನ್ನೆ ಸಿಕ್ಕಿ, ಭಾಗಿಸೋಕಾಗದೆ ಆ್ಯಪ್ ಬೀಳ್ತಿದೆ ಅಂತ ರಿಪೋರ್ಟ್ ಹೇಳ್ತಿತ್ತು, ಅಷ್ಟೇ. ಆದ್ರೆ ಕುರಿನೇ ಇಲ್ದೆ ಲಸಿಕೆ ಹಾಕೋರು ಯಾರು, ಯಾಕೆ ಅಂತ ನಮ್ಗೆ ತಲೆನೇ ಓಡಿರ್ಲಿಲ್ಲ. ನೀವು ಎಷ್ಟು ಚೆನ್ನಾಗಿ ಬಿಡಿಸಿ ಬರೆದ್ರಿ. ಅರ್ಧ ಗಂಟೇಲಿ ಸರಿ ಮಾಡಿದ್ವಿ."

"ಮೇಡಂ, ಆ ರಿಪೋರ್ಟಲ್ಲಿ ನನ್ನ ಹೆಸರು ಬಂದಿರ್ಲಿಲ್ವಾ?"

"ಇಲ್ಲ ಸರ್, ಹೆಸರೆಲ್ಲ ಬರಲ್ಲ."

"ನಾನು ಕುಂತಿದ್ದ ಜಾಗ?"

"ನಮ್ಮ ಆ್ಯಪ್ ಜಾಗ ನೋಡೋದೇ ಇಲ್ಲ ಸರ್. ಅದೆಲ್ಲ ನೀವು ಬರೆದ ಮೇಲೇ ಗೊತ್ತಾಗಿದ್ದು."

ಓಬಳೇಶನಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಎನ್ನಿಸಿತು. ಆದರೂ ಸಾವರಿಸಿಕೊಂಡ. "ಹೋಗ್ಲಿ ಬಿಡ್ರಿ ಮೇಡಂ. ನಾನು ಬರೆದಿದ್ದು ನಿಮ್ಮತ್ರನೇ ಇರ್ಲಿ, ಆಯ್ತಾ?"

"ಅಯ್ಯೋ, ಹಾಗೆಲ್ಲ ಸಂಕೋಚ ಮಾಡ್ಕೋಬೇಡಿ ಸರ್. ಬರೆದವರ ಮಾತಲ್ಲೇ ಹಾಕಿದ್ರೆ ಬೇರೆಯವರೂ ಬರೀತಾರೆ ಅಂತ, ನಿಮ್ಮದನ್ನ ಒಂದಕ್ಷರ ತಿದ್ದದೆ ಹಾಕಿದೀವಿ. ಅಪ್ಡೇಟ್ ಈಗ ತಾನೇ ಎಲ್ಲರ ಫೋನಿಗೂ ಹೋಯ್ತು. ನೋಡಿ."

ನೋಡಿದ. ‘ಈ ಸಲ ಹೊಸದೇನು’ ಎಂಬ ತಲೆಬರಹದ ಕೆಳಗೆ ‘ಮಾನ್ಯರೇ’ ಇಂದ ‘ಇಂತಿ ವಿಧೇಯ’ದವರೆಗೆ ಎಲ್ಲವೂ ಇತ್ತು. ಟಗರು ಇತ್ತು, ಹೋಟೆಲ್ಲು ಇತ್ತು. ಶಿವಕುಮಾರಪ್ಪನವರಿಗೆ ತಿಳಿಸಬೇಡಿ ಎಂಬ ಸಾಲೂ ಇತ್ತು. ಕೊನೆಯಲ್ಲಿ ಒಂದು ಹೂಗುಚ್ಛದ ಚಿತ್ರ. ಚಿತ್ರದುರ್ಗ, ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು, ನಾಲ್ಕೂ ತಾಲ್ಲೂಕಿನ ಲಸಿಕೆಯವರು ಅದನ್ನು ಓದಿ ನಗುತ್ತಿರುವುದು ಅವನಿಗೆ ಕೇಳಿಸಿದಂತಾಯಿತು. ಓದುತ್ತಿರುವಾಗಲೇ ಫೋನು ಮತ್ತೆ ಬಡಿದುಕೊಂಡಿತು. ಡಾಕ್ಟರ್ ಶಿವಕುಮಾರಪ್ಪ.

"ಓಬಳೇಶ, ಎಲ್ಲಿದೀಯಪ್ಪ?" ದನಿ ಮೆತ್ತಗಿತ್ತು. ಹೆದರಿಕೆ ಹುಟ್ಟಿಸಿದ್ದೇ ಅದು.

"ಹರಿಯಬ್ಬೇಲಿ ಸರ್. ರಂಗಯ್ಯನ ಹಟ್ಟೀಲಿ. ದೇವರಾಣೆ ಸರ್, ಇನ್ನೂರ ಹದಿನೇಳು ಕುರಿಗೆ ಈಗ ತಾನೇ ಚುಚ್ಚಿದೀನಿ."

"ಇನ್ನೂರ ಹದಿನೇಳು ಅಂತ ಬಂದೈತೆ, ನೋಡ್ದೆ. ಬೆಳಿಗ್ಗೆ ಸೊನ್ನೆ, ಮಧ್ಯಾಹ್ನಕ್ಕೆ ಇನ್ನೂರ ಹದಿನೇಳು. ಹೋಟ್ಲಲ್ಲಿ ಕುಂತ್ರೆ ಕುರಿ ಮರಿ ಹಾಕ್ತಾವೇನಪ್ಪ?"

"ಸರ್, ರಂಗಯ್ಯಜ್ಜ ಇಲ್ಲೇ ಅವ್ರೆ. ನೀವೇ ಕೇಳ್ರಿ ಸರ್." ಕುಂಟುತ್ತಲೇ ಓಡಿ ಹೋಗಿ ಫೋನನ್ನು ರಂಗಯ್ಯನ ಕಿವಿಗೆ ಹಿಡಿದ. "ಅಜ್ಜ, ನಮ್ಮ ದೊಡ್ಡ ಸಾಹೇಬ್ರು. ಇದ್ದಿದ್ದು ಇದ್ದಂಗೆ ಹೇಳಿಬಿಡ್ರಿ. ನನ್ನ ಕೆಲಸ ನಿಮ್ಮ ಬಾಯಾಗೈತೆ."

ರಂಗಯ್ಯ ರುಮಾಲು ಸರಿಮಾಡಿಕೊಂಡ. ಆ ಕಡೆಯ ದನಿ ಓಬಳೇಶನಿಗೂ ಕೇಳಿಸಿತು. "ನಮಸ್ಕಾರ ಯಜಮಾನ್ರೆ. ನಿಮ್ಮತ್ರ ಎಷ್ಟು ಕುರಿ ಅವೆ?"

ರಂಗಯ್ಯ ಒಮ್ಮೆ ಹಿಂಡಿನ ಕಡೆ ನೋಡಿದ, ಒಮ್ಮೆ ಓಬಳೇಶನ ಕಡೆ ನೋಡಿದ. ಅವನ ಮುಖದಲ್ಲಿ ಕರುಣೆ ಇಲ್ಲದೆ ಇರಲಿಲ್ಲ.

"ಕುರಿನಾ? ನಮ್ಮತ್ರ ಎಲ್ಲಿಂದ ಬರ್ಬೇಕು ಸ್ವಾಮಿ. ಒಂದೂ ಇಲ್ಲ."

ಹಾಗೆಂದವನೇ ಫೋನಿನ ಬಾಯಿಗೆ ಭದ್ರವಾಗಿ ಅಂಗೈ ಮುಚ್ಚಿದ. ಇನ್ನೂರ ಹದಿನೇಳು ಕುರಿಗಳು ಹಿಂದೆ ಒಟ್ಟಿಗೆ ಅರಚಿಕೊಂಡವು. ರಂಗಯ್ಯ ಅಂಗೈ ತೆಗೆಯದೆ, "ಕೇಳೋರ ಕಣ್ಣು ಹೆಂಗೈತೋ ಏನೋ ಮಗ, ಈಗ ಹಿಂಡಿಗೆ ಚಿಂತಿಲ್ಲ," ಎಂದು ಫೋನನ್ನು ಓಬಳೇಶನ ಕೈಗೆ ವಾಪಸ್ಸು ಕೊಟ್ಟ.

ಓಬಳೇಶ ಫೋನನ್ನು ಕಿವಿಗೆ ಇಟ್ಟುಕೊಂಡ.

"ನೀನು ಹೋಟ್ಲಲ್ಲಿ ಯಾವನಿಗೋ ಫೋನ್ ಕೊಟ್ಟೆ, ಅವನಿಗೆ ಹೇಳ್ಕೊಡೋದು ಮರ್ತೆ ನೋಡು," ಅಂದರು ಡಾಕ್ಟರ್ ಶಿವಕುಮಾರಪ್ಪ. "ಇರ್ಲಿ. ಎದ್ದು ಎಲ್ಲೂ ಹೋಗ್ಬೇಡ, ಅಲ್ಲೇ ಕುಂತಿರು. ನಾನೇ ಹಿರಿಯೂರಿಗೆ ಬರ್ತಾ ಇದೀನಿ, ಒಂದು ಚಹಾ ಕುಡಿಯಾಣ."