ಹೆರಿಗೆ ಕೋಣೆಯ ಹೊರಗಿನ ಮೇಸ್ತ್ರಿ

ನಾನು ಓದಿದ್ದು ಕಡಿಮೆ, ಎತ್ತಿದ್ದು ಜಾಸ್ತಿ. ಗುಂಡ್ಲುಪೇಟೆಯ ಅರಿಶಿನದ ಮಂಡಿಯಲ್ಲಿ ಹಮಾಲಿಗಳ ಗ್ಯಾಂಗಿಗೆ ಮೇಸ್ತ್ರಿಯಾಗಿದ್ದೆ. ಎಂಥ ಭಾರವೇ ಇರಲಿ, ನಾನು ಗಂಟಲು ಬಿಚ್ಚಿ "ಐಸಾ!" ಎಂದರೆ ಅಲುಗಲೇಬೇಕು. ಹೀಗಿರುವಾಗ ಒಂದು ಹೆರಿಗೆ ಯಾವ ಲೆಕ್ಕ? ಚೊಚ್ಚಲಿಗೆ ತವರಿಗೆ ಹೊರಟ ಹೆಂಡತಿ ಮಾದೇವಿಯನ್ನು, "ನಾನಿಲ್ವಾ?" ಎಂದು ತಡೆದು ನಿಲ್ಲಿಸಿದೆ.

ಬೀದಿಗೆಲ್ಲ ಒಂದೇ ಫೋನಿದ್ದ ತೊಂಬತ್ತರ ದಶಕ. ಒಂದು ಬೆಳಿಗ್ಗೆ ಅವಳ ಹೊಟ್ಟೆ ಕಲ್ಲಿನಂತೆ ಬಿಗಿಯಿತು. ಜೀಪು ಹಿಡಿದು ಚಾಮರಾಜನಗರಕ್ಕೆ ಹಾರಿದೆವು. ತೆರಕಣಾಂಬಿ ದಾಟುವಷ್ಟರಲ್ಲಿ ನೋವು ಮಾಯ!

ನರ್ಸಿಂಗ್ ಹೋಮಿನ ಡಾಕ್ಟರಮ್ಮ ಪರೀಕ್ಷಿಸಿ, "ಇದು ಸುಳ್ಳು ನೋವು" ಎಂದರು.

"ನನ್ ಹೆಂಡ್ತಿ ಸುಳ್ಳೇಳೋಳಲ್ಲ ಕಣಮ್ಮ!"

ಪಾಪ, ಆಕೆ ತಾಳ್ಮೆಯಿಂದ ಬಿಡಿಸಿ ಹೇಳಿದರು. "ಗರ್ಭಕೋಶ ಅಂದ್ರೆ ದೊಡ್ಡ ಸ್ನಾಯು ಕಣಪ್ಪ. ಅದರ ಒಂದೊಂದು ಜೀವಕೋಶದೊಳಗೂ ಜೀನ್ ಅಂತ ಇರ್ತವೆ. ಏನು ಮಾಡ್ಬೇಕು ಅನ್ನೋ ಅಪ್ಪಣೆಗಳು ಅಂದ್ಕೋ. ಬಸಿರಲ್ಲಿ 'ಸುಮ್ಮನಿರು' ಅನ್ನೋ ಅಪ್ಪಣೆ ನಡೀತಿರುತ್ತೆ. ದಿನ ಬಂದಾಗ ಅದು ಸಡಿಲಾಗಿ, ಮಲಗಿದ್ದ ಬೇರೆ ಜೀನ್‌ಗಳು ಎದ್ದು ಜೀವಕೋಶಗಳಿಗೆಲ್ಲ ಕೊಂಡಿ ಹಾಕ್ತವೆ. ಆಮೇಲೆ ಎಲ್ಲ ಒಟ್ಟಿಗೆ ಎಳೀತವೆ. ಅದೇ ನಿಜವಾದ ನೋವು. ಈಗ ಅಲ್ಲೊಂದು ಇಲ್ಲೊಂದು ಎಳೀತಿವೆ, ಅಷ್ಟೆ."

"ಅಪ್ಪಣೆ ಕೊಡೋರ್ಯಾರು?"

"ಅದು ಓದಿದೋರಿಗೂ ಪೂರ್ತಿ ಗೊತ್ತಾಗಿಲ್ಲ."

ನನ್ನ ಎದೆ ಉಬ್ಬಿತು. ಮೇಸ್ತ್ರಿ ಯಾರೆಂದೇ ಗೊತ್ತಿಲ್ಲದ ಗ್ಯಾಂಗು! ಆ ಕೆಲಸಕ್ಕೆ ನಾನಿಲ್ವಾ?

ಕೆಲವು ದಿನಗಳಲ್ಲಿ ಮತ್ತೆ ನೋವು. ಈಗ ನಾನು ಬಲ್ಲವನು. ಗಂಭೀರವಾಗಿ ಹೊಟ್ಟೆಯ ಮೇಲೆ ಕೈಯಿಟ್ಟು ತೀರ್ಪು ಕೊಟ್ಟೆ. "ಸುಳ್ಳು ನೋವು ಕಣಮ್ಮಿ. ಅಲ್ಲೊಂದು ಇಲ್ಲೊಂದು ಎಳೀತಾ ಅವ. ಅಂಗೇ ಒಂಚೂರು ಓಡಾಡು."

"ನಿಮ್ ಕೈಯ ಮೂಟೆ ಮ್ಯಾಲ ಇಟ್ಕೊಳಿ! ಸೊಂಟ ಮುರೀತಾ ಅದ, ಗಾಡಿ ಕರೀರಿ!"

ಆದರೂ ಓಡಾಡಿಸಿದೆ. ಮಧ್ಯಾಹ್ನದ ಹೊತ್ತಿಗೆ ನೀರಿನ ಚೀಲ ಒಡೆಯಿತು. ನನ್ನ ವಿದ್ಯೆಯೂ ಅದರ ಜೊತೆಗೇ ಹರಿದುಹೋಯಿತು!

ಸಿಕ್ಕಿದ್ದು ಮಂಡಿಯ ಟೆಂಪೊ. ಮುಂದೆ ನಾವಿಬ್ಬರು, ಹಿಂದೆ ನಮ್ಮ ಹಮಾಲಿ ಸಿದ್ದ ಮತ್ತು ಉಳಿದ ಗ್ಯಾಂಗು. ದಾರಿಯುದ್ದಕ್ಕೂ ಮಾದೇವಿ ನನ್ನ ವಂಶವನ್ನೆಲ್ಲ ಬೈದಳು. ಚಾಮರಾಜನಗರ ಹತ್ತಿರವಾಗುತ್ತಿದ್ದಂತೆ ಬೈಯುವುದನ್ನು ನಿಲ್ಲಿಸಿ, ಹಲ್ಲು ಕಚ್ಚಿ ಕಣ್ಣು ಮುಚ್ಚಿದಳು. ನಾನು ಡ್ರೈವರನ ಹೆಗಲು ಹಿಡಿದು, "ಬೇಗ ಓಡ್ಸು!" ಎಂದೆ.

"ಇಷ್ಟು ಹೊತ್ತು ಯಾಕೆ ಕೂರಿಸ್ಕೊಂಡೆ? ಮಗುವಿನ ಎದೆಬಡಿತ ಇಳೀತಿದೆ!" ಎಂದ ಡಾಕ್ಟರಮ್ಮ ಅವಳನ್ನು ಒಳಗೆ ಕರೆದೊಯ್ದರು. ಬಾಗಿಲು ಮುಚ್ಚಿತು. ಒಳಗಿಂದ ಸದ್ದಿಲ್ಲ. ಒಂದು ನರಳಾಟವೂ ಇಲ್ಲ. ನನ್ನಿಂದ ತಡೆಯಲಾಗಲಿಲ್ಲ. ಜನ್ಮದಲ್ಲಿ ಗೊತ್ತಿದ್ದದ್ದು ಒಂದೇ ವಿದ್ಯೆ. ಬಾಗಿಲಿಗೆ ಬಾಯಿಟ್ಟು ಕೂಗಿಯೇ ಬಿಟ್ಟೆ:

"ಐಸಾ!"

ಅಭ್ಯಾಸಬಲ. ಬೆನ್ನ ಹಿಂದೆ ಇಡೀ ಗ್ಯಾಂಗು, "ಐಸಾ!"

ಕಿಟಕಿಯ ಗಾಜು ಅದುರಿತು. ಡಾಕ್ಟರಮ್ಮ ಬಾಗಿಲು ತೆರೆದರು.

"ಮಗು ಬರೋ ದಾರಿ ಇನ್ನೂ ಪೂರ್ತಿ ಬಿಟ್ಟಿಲ್ಲ, ಈಗಲೇ ಜೋರು ಹಾಕಿ ಮುಕ್ಕಬೇಡ ಅಂತ ನಾನು ಒಳಗೆ ತಡೀತಿದ್ದೀನಿ. ನೀವು ಹೊರಗಿಂದ ಮುಕ್ಕಿಸ್ತಿದ್ದೀರಾ?"

ಆಕೆಯ ಹಿಂದಿನಿಂದ ಮಾದೇವಿಯ ದನಿ: "ಡಾಕ್ಟ್ರಮ್ಮಾ, ಮೊದ್ಲು ಆ ಮನುಸನ್ನ ಗೇಟಿಂದಾಚೆ ನೂಕಿ! ಆಮೇಲ ನನ್ನ ನೋಡಿ!"

ಬೈಗುಳ ಕೇಳಿ ಅಷ್ಟು ಸಂತೋಷ ನನಗೆಂದೂ ಆಗಿರಲಿಲ್ಲ. ವಾಚ್‌ಮನ್ ನನ್ನನ್ನು ಸಕಲ ಮರ್ಯಾದೆಗಳೊಂದಿಗೆ ಗೇಟು ದಾಟಿಸಿದ.

"ಅಣ್ಣೋ, ಮೇಸ್ತ್ರಿ ಕೆಲ್ಸ ಓಯ್ತು ಬುಡು" ಎಂದ ಸಿದ್ದ. ನಗು ಬರಲಿಲ್ಲ. ಎದೆಬಡಿತ ಇಳೀತಿದೆ ಎಂದದ್ದೇ ಕಿವಿಯಲ್ಲಿತ್ತು. ಓಡಾಡು ಎಂದವನು ನಾನೇ ಅಲ್ಲವೇ?

ಕೊನೆಗೆ ನರ್ಸಮ್ಮ ಗೇಟಿಗೆ ಬಂದು, "ಹೆಣ್ಣು ಮಗು. ಇಬ್ಬರೂ ಚೆನ್ನಾಗಿದ್ದಾರೆ. ಕೂಗದೆ ಬನ್ನಿ" ಎಂದರು.

ಡಾಕ್ಟರಮ್ಮ ಇನ್ನೂ ಮಾದೇವಿಯ ಹೊಟ್ಟೆಯ ಮೇಲೆ ಕೈಯಿಟ್ಟಿದ್ದರು. "ರಕ್ತ ನಿಲ್ಲೋಕೆ ಗರ್ಭಕೋಶ ಬಿಗಿಯಾಗ್ಬೇಕು. ತಾನಾಗೇ ಆಗ್ತಿದೆ" ಎಂದರು. ಯಾರೂ "ಐಸಾ" ಎಂದು ಕೂಗಿರಲಿಲ್ಲ!

"ನಾನೇನ್ ಮಾಡ್ಲಿ?" ಎಂದೆ, ಪಿಸುದನಿಯಲ್ಲಿ.

"ಬಾಯ್ ಮುಚ್ಕಂಡು ಬಿಸ್ನೀರು ತನ್ನಿ" ಎಂದಳು ಮಾದೇವಿ.

ಓಡಿದೆ. ಹೋಟೆಲಿನವನ ಮುಂದೆ ನಿಂತು ಎರಡೂ ಕೈ ಚಾಚಿದಾಗಲೇ ತಿಳಿದದ್ದು: ಪಾತ್ರೆ ತಂದಿರಲಿಲ್ಲ!