ಭಾವನ ನಲವತ್ತು ಸೆಕೆಂಡು

ನಮ್ಮ ಭಾವನನ್ನು ಏನು ಬೇಕಾದರೂ ಕೇಳಿ, "ಹೇಗಿದ್ದೀರಿ?" ಎಂದು ಮಾತ್ರ ಕೇಳಬೇಡಿ. "ಯಾವುದಕ್ಕೆ ಹೋಲಿಸಿ?" ಎಂದು ತಿರುಗಿ ಕೇಳುತ್ತಾರೆ. ನೀವು ತಮಾಷೆ ಎಂದುಕೊಂಡು ನಗುತ್ತೀರಿ. ಅವರು ನಗುವುದಿಲ್ಲ, ಉತ್ತರಕ್ಕೆ ಕಾಯುತ್ತಾ ನಿಲ್ಲುತ್ತಾರೆ. ಕೊನೆಗೆ ನೀವೇ "ಹೋದ ವಾರಕ್ಕೆ ಹೋಲಿಸಿ" ಎಂದು ಏನೋ ಒಂದು ಹೇಳಿ ಜಾಗ ಖಾಲಿ ಮಾಡಬೇಕು.

ಭಾವ ಎಂದರೆ ನನ್ನ ಅಕ್ಕನ ಗಂಡ. ಊರು ಕಾರ್ಕಳದ ಹತ್ತಿರ. ಇಪ್ಪತ್ತೈದು ವರ್ಷದಿಂದ ಥಾಣೆಯ ಕೋಪರಿಯಲ್ಲಿ, ಸ್ಟೇಷನ್ನಿಗೆ ಅಂಟಿಕೊಂಡ ಹಳೇ ಬಿಲ್ಡಿಂಗಿನಲ್ಲಿ ವಾಸ. ಕೆಲಸ ನವಿ ಮುಂಬಯಿಯ ಮಹಾಪೆಯಲ್ಲಿ, ಒಂದು ಸಣ್ಣ ಸಾಫ್ಟ್‌ವೇರ್ ಕಂಪೆನಿಯಲ್ಲಿ. ಬೇರೆಯವರು ಬರೆದ ಸಾಫ್ಟ್‌ವೇರ್ ಎಷ್ಟು ಬೇಗ ಉತ್ತರ ಕೊಡುತ್ತದೆ, ಒಮ್ಮೆಗೇ ಸಾವಿರ ಜನ ಬಂದು ಮೈಮೇಲೆ ಬಿದ್ದರೆ ಎಷ್ಟು ಹೊತ್ತು ತಡೆದುಕೊಳ್ಳುತ್ತದೆ ಎಂದು ಅಳೆಯುವುದು ಅವರ ಉದ್ಯೋಗ. ಬೆಂಚ್‌ಮಾರ್ಕಿಂಗ್ ಎನ್ನುತ್ತಾರೆ. ಅಳೆಯಬೇಕು, ಹಿಂದಿನದಕ್ಕೆ ಹೋಲಿಸಬೇಕು, ವರದಿ ಬರೆದು ಕೆಳಗೆ ಸಹಿ ಹಾಕಬೇಕು. ಈ ಕೆಲಸವನ್ನು ಆಫೀಸಿನಲ್ಲೇ ಬಿಟ್ಟು ಬಂದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ.

ಮದುವೆಗೆ ಮೊದಲು ಅಕ್ಕನನ್ನು ನೋಡಲು ನಮ್ಮ ಡೊಂಬಿವಲಿಯ ಮನೆಗೆ ಬಂದ ದಿನವೇ ಶುರುವಾಗಿತ್ತು ಅದು. "ಪಾಯಸ ಹೇಗುಂಟು?" ಎಂದು ದೊಡ್ಡಮ್ಮ ಕೇಳಿದರು. "ಒಂದೇ ಸಲ ಕುಡಿದು ಹೇಳುವುದು ಸರಿಯಲ್ಲ" ಎಂದರು ಭಾವ. ದೊಡ್ಡಮ್ಮ ಸಂತೋಷದಿಂದ ಇನ್ನೆರಡು ಲೋಟ ತಂದುಕೊಟ್ಟರು. ಅಷ್ಟನ್ನೂ ಮುಗಿಸಿ, ಕರ್ಚೀಫಿನಲ್ಲಿ ಬಾಯಿ ಒರೆಸಿಕೊಂಡು, "ಎರಡನೆಯದು, ಮೂರನೆಯದು ಒಂದೇ ಥರ ಉಂಟು. ಹಾಗಾಗಿ ಒಳ್ಳೆದುಂಟು. ಮೊದಲನೆಯದು ಲೆಕ್ಕಕ್ಕಿಲ್ಲ" ಎಂದರು. ದೊಡ್ಡಮ್ಮನ ಮುಖ ಸಣ್ಣಗಾಯಿತು. ಭಾವ ಸಮಾಧಾನವಾಗಿ ವಿವರಿಸಿದರು: "ಮೊದಲ ದೋಸೆಯನ್ನು ನೀವು ನೆಂಟರಿಗೆ ಹಾಕ್ತೀರಾ? ಇಲ್ಲ ಅಲ್ವಾ? ಅದು ಕಾವಲಿ ಕಾಯ್ಲಿಕ್ಕೆ ಹೊಯ್ಯುವುದು. ಅಳೆಯುವಾಗಲೂ ಹಾಗೆಯೇ." ದೊಡ್ಡಮ್ಮ ಅಡುಗೆಮನೆಗೆ ಹೋಗಿ ಅಕ್ಕನಿಗೆ ಹೇಳಿದರು, "ಹುಡುಗನಿಗೆ ಸ್ವಲ್ಪ ಮರುಳು ಉಂಟು. ಆದರೆ ದೋಸೆಯ ವಿಷಯ ಗೊತ್ತುಂಟು. ಒಪ್ಪಿಕೋ."

ಇನ್ನೊಮ್ಮೆ ಮಿಕ್ಸರ್ ಕೊಳ್ಳಲು ಅಕ್ಕ, ಭಾವ, ನಾನು ಮೂವರೂ ಕಲ್ಯಾಣದ ಬಜಾರಿಗೆ ಹೋಗಿದ್ದೆವು. ಭಾವನ ಕೈಯಲ್ಲಿ ಎರಡು ಡಬ್ಬಿ. ಒಂದರಲ್ಲಿ ನೆನೆಸಿದ ಅಕ್ಕಿ, ಇನ್ನೊಂದರಲ್ಲಿ ನೆನೆಸಿದ ಉದ್ದು. ಅಂಗಡಿಯಲ್ಲಿದ್ದ ಮೂರು ಮಿಕ್ಸರನ್ನೂ ಮೂರು ಮೂರು ಸಲ ಓಡಿಸಿ ಹೊತ್ತು ಬರೆದುಕೊಂಡರು. ಅಂಗಡಿಯವ ಮೊದಲು ಚಹಾ ತರಿಸಿದ, ಆಮೇಲೆ ಕಿವಿಗೆ ಹತ್ತಿ ಇಟ್ಟುಕೊಂಡ. ಕೊನೆಗೆ ಭಾವ ಚೀಟಿ ನೋಡಿ, "ಮನೆಯ ಹಳೇದೇ ಹನ್ನೊಂದು ಸೆಕೆಂಡು ಮುಂದುಂಟು" ಎಂದು ಡಬ್ಬಿ ಮುಚ್ಚಿದರು. ಅಂಗಡಿಯವ ಕೈ ಮುಗಿದು ಅಕ್ಕನನ್ನು ಕೇಳಿದ್ದು ಒಂದೇ: "ಭಾಭೀ, ಹಿಟ್ಟನ್ನಾದರೂ ಬಿಟ್ಟು ಹೋಗ್ತೀರಾ?"

ಇವೆಲ್ಲ ಹೇಳಿ ನಗುವ ವಿಷಯಗಳು. ಈ ಮನುಷ್ಯನ ಸಹಿಯ ಮೇಲೆ ನನ್ನ ನೌಕರಿ ನಿಂತ ವಾರ ಮಾತ್ರ ನನಗೆ ನಗು ಬರಲಿಲ್ಲ.

ಒಂಬತ್ತು ವರ್ಷದ ಹಿಂದೆ ನನ್ನನ್ನು ಅದೇ ಕಂಪೆನಿಗೆ ಸೇರಿಸಿದವರು ಭಾವನೇ. ಈಗ ನಾನಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ಮನೆಯಲ್ಲಿ ತುಳುವಿನಲ್ಲಿ ಭಾವ, ಆಫೀಸಿನಲ್ಲಿ ಸರ್. ಅವರಿಗೆ ಸಿಟ್ಟು ಬಂದರೆ ಅವರೂ ನನ್ನನ್ನು ಸರ್ ಎನ್ನುತ್ತಾರೆ.

ಖಾಸಗಿ ಆಂಬುಲೆನ್ಸ್ ನಡೆಸುವ ಒಂದು ಸಂಸ್ಥೆಗೆ ನಾವು ಆ್ಯಪ್ ಮಾಡಿದ್ದೆವು. ಬಟನ್ ಒತ್ತಿದರೆ ಹತ್ತಿರದ ಗಾಡಿ ಎಲ್ಲಿದೆ, ಡ್ರೈವರನ ನಂಬರ್ ಏನು ಎಂದು ಮೂರು ಸೆಕೆಂಡಿನೊಳಗೆ ತೋರಿಸಬೇಕು. ಸೋಮವಾರ ಉದ್ಘಾಟನೆ. ಬ್ಯಾನರ್ ಅಚ್ಚಾಗಿತ್ತು. ಅದಕ್ಕೆ ಮೂರು ತಿಂಗಳ ಮೊದಲಷ್ಟೇ ಕಂಪೆನಿಯಲ್ಲಿ ನಾಲ್ಕು ಮ್ಯಾನೇಜರುಗಳನ್ನು ಮನೆಗೆ ಕಳಿಸಿದ್ದರು. ನಾಲ್ವರೂ ನನ್ನ ವಯಸ್ಸಿನವರು, ನಲವತ್ತೈದು ದಾಟಿದವರು.

ಶುಕ್ರವಾರ ಮೀಟಿಂಗ್. ನಮ್ಮ ಸಾಹೇಬರು, ಆಂಬುಲೆನ್ಸ್ ಸಂಸ್ಥೆಯ ಇಬ್ಬರು, ನಾನು, ಭಾವ. ನಾನು ನನ್ನ ಫೋನಿನಲ್ಲಿ ಬಟನ್ ಒತ್ತಿದೆ. ಒಂದೂವರೆ ಸೆಕೆಂಡು. ಎಲ್ಲರೂ ತಲೆಯಾಡಿಸಿದರು. ಭಾವ ತಮ್ಮ ವರದಿ ತೆಗೆದರು.

"ನೂರು ಸಲ ಒತ್ತಿದರೆ ತೊಂಬತ್ತೈದು ಸಲ ಎರಡು ಸೆಕೆಂಡು. ಉಳಿದ ಐದು ಸಲ ನಲವತ್ತು."

"ತೊಂಬತ್ತೈದು ಜನಕ್ಕೆ ಮೂರರ ಒಳಗೇ ಬಂತಲ್ಲ ಸರ್," ಎಂದೆ ನಾನು. "ಐದೇ ಜನ."

"ಯಾರು ಆ ಐದು ಜನ, ಸರ್?" ಎಂದರು ಭಾವ.

ಸರ್ ಬಂದುಬಿಟ್ಟಿತ್ತು.

ಅವರು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು ಹಿಂದಿಯಲ್ಲಿ ಹೇಳಿದರು: "ನಲವತ್ತು ಸೆಕೆಂಡು ಯಾರೂ ಮಾತಾಡಬೇಡಿ. ನಿಮ್ಮ ಮನೆಯವರು ಒಬ್ಬರು ನೆಲದ ಮೇಲೆ ಬಿದ್ದಿದ್ದಾರೆ, ನೀವು ಬಟನ್ ಒತ್ತಿದ್ದೀರಿ ಎಂದುಕೊಳ್ಳಿ."

ನಗಬೇಕೋ ಬೇಡವೋ ಗೊತ್ತಾಗದೆ ಎಲ್ಲರೂ ಸುಮ್ಮನೆ ಕೂತರು. ಹತ್ತು ಸೆಕೆಂಡಿಗೆ ಸಾಹೇಬರು ಪೆನ್ನು ಆಡಿಸುವುದನ್ನು ನಿಲ್ಲಿಸಿದರು. ಇಪ್ಪತ್ತಕ್ಕೆ ಸಂಸ್ಥೆಯ ಹಿರಿಯ ಚಹಾದ ಕಪ್ಪನ್ನು ಕೆಳಗಿಟ್ಟ. ಎ.ಸಿ.ಯ ಸದ್ದು ಅಷ್ಟು ಜೋರು ಎಂದು ನನಗೆ ಗೊತ್ತಿರಲಿಲ್ಲ. ಮೂವತ್ತರ ಹೊತ್ತಿಗೆ ಕಿರಿಯ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತುಬಿಟ್ಟ. ಭಾವ ಗಡಿಯಾರ ಕಟ್ಟಿಕೊಂಡು, "ಆಯಿತು" ಎಂದರು.

ಅವರಿಬ್ಬರು ಹೋದ ಮೇಲೆ ಸಾಹೇಬರು ನನ್ನನ್ನು ಒಳಗೆ ಕರೆದರು. "ಅವರು ಸಹಿ ಹಾಕದಿದ್ದರೆ ನೀನು ಹಾಕು. ಮ್ಯಾನೇಜರನ ಸಹಿಯೂ ನಡೆಯುತ್ತದೆ. ಸೋಮವಾರ ಬೆಳಿಗ್ಗೆ ನನ್ನ ಮೇಜಿನ ಮೇಲಿರಬೇಕು." ನಾಲ್ಕು ಜನರ ಹೆಸರು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎತ್ತುವ ಅಗತ್ಯವೇ ಇರಲಿಲ್ಲ.

ಭಾನುವಾರ ಮಧ್ಯಾಹ್ನ ಕೋಪರಿಗೆ ಹೋದೆ. ಬಾಗಿಲು ತೆರೆದ ಸೊಸೆ, ಭಾವನ ಮಗಳು, ಇಲ್ಲಿಯೇ ಹುಟ್ಟಿದವಳು, ಮರಾಠಿಯಲ್ಲಿ ಪಿಸುಗುಟ್ಟಿದಳು: "ಮಾಮಾ, ಆಜ್ ನಕೋ. ಪಪ್ಪಾ ರಾಗಾವ್ಲೇತ್." ಇವತ್ತು ಬೇಡ, ಅಪ್ಪ ಸಿಟ್ಟಿನಲ್ಲಿದ್ದಾರೆ ಎಂದು. ನಾನೂ ಸಿಟ್ಟಿನಲ್ಲೇ ಇದ್ದೆ.

"ಒಂದು ಸಹಿ, ಭಾವ. ಮೊದಲು ಶುರು ಆಗಲಿ, ಹದಿನೈದು ದಿನದಲ್ಲಿ ಸರಿ ಮಾಡುವ. ನೀವು ಹಾಕದಿದ್ದರೆ ನಾನು ಹಾಕಬೇಕಾಗ್ತದೆ."

"ಹಾಕು."

"ನನ್ನ ಕೆಲಸ ಹೋದರೆ?"

ಅಕ್ಕ ಅಡುಗೆಮನೆಯಿಂದ ಹೊರಗೆ ಬಂದು ಬಾಗಿಲಲ್ಲಿ ನಿಂತಳು. ಭಾವ ಎದ್ದು ಅಂಗಿ ಹಾಕಿಕೊಂಡರು. "ಸಹಿ ಹಾಕುವ ಮೊದಲು ಒಂದು ಕಡೆ ಬಾ," ಎಂದರು.

ಸ್ಲೋ ಲೋಕಲ್ ಟ್ರೈನ್ ಹಿಡಿದು ದಿವಾ ಸ್ಟೇಷನ್ನಿನಲ್ಲಿ ಇಳಿದೆವು. ಗಲ್ಲಿಗಳನ್ನು ದಾಟಿ, ಒಂದಕ್ಕೊಂದು ಮೈ ತಾಗಿಸಿ ನಿಂತ ಬಿಲ್ಡಿಂಗುಗಳ ನಡುವೆ, ಒಂದರ ಮೆಟ್ಟಿಲ ಬುಡದಲ್ಲಿ ಭಾವ ನಿಂತರು. ಕಿಸೆಯಿಂದ ಗಾಜು ಒಡೆದ ಹಳೇ ಫೋನ್ ತೆಗೆದು ನನ್ನ ಕೈಗಿತ್ತರು. "ಒತ್ತು."

ಒತ್ತಿದೆ. ಪರದೆಯ ಮೇಲೆ ಚಕ್ರ ತಿರುಗತೊಡಗಿತು. ಹತ್ತು, ಹದಿನೈದು. ಅಲ್ಲಿ ನೆಟ್‌ವರ್ಕಿನ ಒಂದೇ ಒಂದು ಗೆರೆ ಇತ್ತು, ಅದೂ ಹೋಗಿ ಬಂದು ಮಾಡುತ್ತಿತ್ತು. ಇಪ್ಪತ್ತೈದು. ಇನ್ನೊಮ್ಮೆ ಒತ್ತೋಣ ಎಂದು ನನ್ನ ಬೆರಳು ತಾನಾಗಿ ಹೋಯಿತು. "ಎಲ್ಲರೂ ಹಾಗೇ ಮಾಡ್ತಾರೆ," ಎಂದರು ಭಾವ. "ಆಗ ಮತ್ತೆ ಮೊದಲಿಂದ ಶುರುವಾಗ್ತದೆ."

ನೆಲಮಹಡಿಯ ಹೊಸ್ತಿಲಲ್ಲಿ ಕೂತು ಮೆಂತೆ ಸೊಪ್ಪು ಬಿಡಿಸುತ್ತಿದ್ದ ಹೆಂಗಸೊಬ್ಬಳು ನಮ್ಮನ್ನೇ ನೋಡುತ್ತಿದ್ದಳು. ಏನಿದು ಎಂದು ಹಿಂದಿಯಲ್ಲಿ ಕೇಳಿದಳು. ಭಾವ ಹೇಳಿದರು. ಅವಳು ಸೊಪ್ಪು ಕೆಳಗಿಟ್ಟಳು. ಹೋದ ಮಳೆಗಾಲದಲ್ಲಿ ಅವಳ ಮಾವನಿಗೆ ಎದೆನೋವು ಬಂದು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ದೊಡ್ಡ ರಸ್ತೆಯವರೆಗೆ ಹೊತ್ತುಕೊಂಡು ಹೋದರಂತೆ, ರಿಕ್ಷಾ ಹುಡುಕಿಕೊಂಡು. ಮಾವ ಬದುಕಿದರೋ ಇಲ್ಲವೋ ಅವಳು ಹೇಳಲಿಲ್ಲ.

"ಯೇ ಕಬ್ ಸೇ ಚಾಲೂ ಹೋಗಾ?" ಎಂದಳು, ಇದು ಯಾವಾಗಿಂದ ಶುರುವಾಗುತ್ತದೆ ಎಂದು.

ಭಾವ ನನ್ನತ್ತ ನೋಡಿದರು. ನನ್ನ ಬಾಯಿಂದ "ನಾಳೆಯಿಂದ" ಎಂದು ಬರಬೇಕಿತ್ತು. ಮೂರು ದಿನದಿಂದ ಎಲ್ಲರಿಗೂ ಸೋಮವಾರ ಎಂದೇ ಹೇಳಿಕೊಂಡು ಬಂದಿದ್ದೆ. "ಇನ್ನೂ ಹತ್ತು ದಿನ ಬೇಕು" ಎಂದು ಬಂತು.

ಕೈಯಲ್ಲಿದ್ದ ಫೋನಿನಲ್ಲಿ ಚಕ್ರ ಇನ್ನೂ ತಿರುಗುತ್ತಲೇ ಇತ್ತು.

ಸೋಮವಾರ ಸಾಹೇಬರ ಮೇಜಿನ ಮೇಲೆ ಸಹಿಯ ಬದಲು ಒಂದು ಪತ್ರ ಇಟ್ಟೆ: ಹತ್ತು ದಿನ ಬೇಕು, ತಡಕ್ಕೆ ಹೊಣೆ ನನ್ನದು. ಅವರು ಓದಿ, ಮಡಚಿ, ಡ್ರಾಯರಿಗೆ ಹಾಕಿ ಉದ್ಘಾಟನೆ ಮುಂದೂಡಿದರು. ಬೈದಿದ್ದರೆ ಒಳ್ಳೆಯದಿತ್ತು.

ಆ ದಿನಗಳಲ್ಲಿ ನಾನು ಗಂಟೆಗೆ ಹತ್ತು ಸಲ ಮೆಯಿಲ್ ತೆರೆದು ನೋಡುತ್ತಿದ್ದೆ. ಭಾವ ಮಾತ್ರ ಬೆಳಿಗ್ಗೆ ಎಂಟಕ್ಕೆ ಬಂದು, ಒಂದೊಂದೇ ಭಾಗ ಕಳಚಿ ಅಳೆಯುತ್ತಿದ್ದರು. ಏಳನೆಯ ದಿನ ಕಾರಣ ಸಿಕ್ಕಿತು. ನೆಟ್‌ವರ್ಕ್ ಕುಂಟಿದಾಗ ಹತ್ತಿರದ ಗಾಡಿ ಯಾವುದು ಎಂದು ಗೊತ್ತಾಗದೆ, ಆ್ಯಪ್ ಥಾಣೆ, ಕಲ್ಯಾಣ, ನವಿ ಮುಂಬಯಿಯ ಎಲ್ಲ ಗಾಡಿಗಳ ಪಟ್ಟಿಯನ್ನೂ ಹೊತ್ತು ತರುತ್ತಿತ್ತು. ಪಟ್ಟಿಯಾದರೂ ಹಗುರವೇ. ಭಾರ ಇದ್ದದ್ದು ಅದರ ಜೊತೆ ಬರುತ್ತಿದ್ದ ಡ್ರೈವರುಗಳ ದೊಡ್ಡ ದೊಡ್ಡ ಬಣ್ಣದ ಫೋಟೋಗಳಲ್ಲಿ. ಜನರಿಗೆ ಧೈರ್ಯ ಬರುತ್ತದೆ, ಫೋಟೋ ಇರಲೇಬೇಕು ಎಂದು ಹಠ ಹಿಡಿದವನು ಯಾರು? ನಾನೇ. ಭಾವ ನನಗೆ ಒಂದು ಮಾತೂ ಅನ್ನಲಿಲ್ಲ. ವರದಿಯಲ್ಲಿ ಮಾತ್ರ ಬರೆದರು: "ಕಾರಣ, ಫೋಟೋ. ಸೂಚಿಸಿದವರು, ಪ್ರಾಜೆಕ್ಟ್ ಮ್ಯಾನೇಜರ್ ಸರ್."

ಫೋಟೋಗಳನ್ನು ಆ್ಯಪಿನಿಂದ ತೆಗೆದುಹಾಕಿ ಅದೇ ದಿವಾದ ಮೆಟ್ಟಿಲ ಬುಡದಲ್ಲಿ ಮತ್ತೆ ಅಳೆದೆವು. ಎಷ್ಟು ನಿಧಾನ ಎಂದರೂ ನಾಲ್ಕು ಸೆಕೆಂಡು. ಅದನ್ನು ಮೂರಕ್ಕೆ ಇಳಿಸುವವರೆಗೆ ಭಾವ ಇನ್ನೆರಡು ದಿನ ಬಿಡಲಿಲ್ಲ. ಆಮೇಲೆ ಸಹಿ ಹಾಕಿದರು. ಹನ್ನೊಂದನೆಯ ದಿನ ಆ್ಯಪ್ ಶುರುವಾಯಿತು. ಮೊದಲ ವಾರ ಫೋನ್ ರಿಂಗಾದಾಗೆಲ್ಲ ನಾನು ಬೆಚ್ಚಿಬೀಳುತ್ತಿದ್ದೆ. ದೂರು ಬರಲಿಲ್ಲ. ಹೊಗಳಿಕೆಯೂ ಬರಲಿಲ್ಲ. ನನ್ನ ಕೆಲಸ ಉಳಿಯಿತು, ಮುಂದಿನ ದೊಡ್ಡ ಪ್ರಾಜೆಕ್ಟ್ ಬೇರೆಯವನ ಪಾಲಾಯಿತು.

ಅದು ಗೊತ್ತಾದ ಸಂಜೆ ಆಫೀಸು ಮುಗಿಸಿ ಘಣಸೋಲಿಯಲ್ಲಿ ಟ್ರೈನ್ ಹತ್ತಿದಾಗ ನಮಗಿಬ್ಬರಿಗೂ ಕಿಟಕಿಯ ಹತ್ತಿರ ಎದುರುಬದುರು ಸೀಟು ಸಿಕ್ಕಿತು. ರಬಾಳೆ ದಾಟಿದ ಮೇಲೆ ಭಾವ ಗಂಟಲು ಸರಿಮಾಡಿಕೊಂಡರು.

"ನಿನ್ನತ್ರ ಒಂದು ಕೇಳ್ಬೇಕಿತ್ತು. ಊಟ ಆಯ್ತಾ ಅಂತ ಕೇಳಿದ್ರೆ ನೀನು ಮೊದಲು ಥಟ್ಟಂತ ಹೇಳ್ತಿದ್ದೆ. ಈಗ ಮೂರ್ನಾಲ್ಕು ತಿಂಗಳಿಂದ ಸ್ವಲ್ಪ ನಿಂತು ಹೇಳ್ತಿ. ಎಲ್ಲಿಂದಲೋ ವಾಪಸ್ ಬಂದು ಹೇಳಿದ ಹಾಗೆ."

ನಾನು ನಗಲು ನೋಡಿದೆ. "ಎಷ್ಟು ಸೆಕೆಂಡು, ಭಾವ?"

"ಅಳೆಯಲಿಲ್ಲ."

"ನೀವಾ?"

ಅವರು ಕಿಟಕಿಯ ಹೊರಗೆ ನೋಡಿದರು. "ಅಳೆದ್ರೆ ಗೊತ್ತಾಗಿಬಿಡ್ತದಲ್ಲ. ಹೆದರಿಕೆ ಆಯ್ತು ಮಾರಾಯ."

ಐರೋಲಿಯಲ್ಲಿ ಜನ ಇಳಿದರು, ಜನ ಹತ್ತಿದರು. ಆ ನಾಲ್ವರನ್ನು ಮನೆಗೆ ಕಳಿಸಿದ ದಿನದಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ ಎಂದು, ತಿಂದದ್ದು ಮೈಗೆ ಹತ್ತುತ್ತಿಲ್ಲ ಎಂದು, ಹೆಂಡತಿಗೂ ಹೇಳಿಲ್ಲ ಎಂದು ಅವತ್ತು ಮೊದಲ ಸಲ ಬಾಯಿಬಿಟ್ಟೆ. ನಾನು ಮುಗಿಸಿದಾಗ ಟ್ರೈನ್ ಥಾಣೆಯಲ್ಲಿ ನಿಂತು, ಬೋಗಿ ಅರ್ಧ ಖಾಲಿಯಾಗಿತ್ತು.

ಇಳಿದ ಮೇಲೆ ನಾನು ಡೊಂಬಿವಲಿಯ ಪ್ಲಾಟ್‌ಫಾರ್ಮಿನ ಕಡೆ ತಿರುಗಬೇಕಿತ್ತು. ಭಾವ ನನ್ನ ಹೆಗಲಿನ ಬ್ಯಾಗ್ ತೆಗೆದು ತಮ್ಮ ಹೆಗಲಿಗೆ ಹಾಕಿಕೊಂಡು, "ಬಲ, ಇಲ್ಲಡೆ ಪೋಯಿ" ಎಂದರು. ಬಾ, ಮನೆಗೆ ಹೋಗುವ. ಅಷ್ಟು ಹೇಳಿ, ನಾನು ಬರುತ್ತೇನೋ ಇಲ್ಲವೋ ಎಂದು ತಿರುಗಿಯೂ ನೋಡದೆ ಕೋಪರಿಯ ಕಡೆಯ ಮೆಟ್ಟಿಲು ಇಳಿಯತೊಡಗಿದರು. ಬ್ಯಾಗಿನ ಹಿಂದೆ ನಾನೂ ಇಳಿದೆ.