ನೀಲಕ್ಕನಿಗೊಂದು ಕೋಣೆ

ಜಗಳಕ್ಕೆಲ್ಲ ಮೂಲ ಆ ಕೋಣೆ. ನಾಲ್ಕು ಹೆಜ್ಜೆ ಅಗಲ, ಐದು ಹೆಜ್ಜೆ ಉದ್ದ, ಕಿಟಕಿಯಿಲ್ಲ. ಅದರಲ್ಲಿ ನೀಲಕ್ಕ ಒಬ್ಬಳೇ ಇರುವುದು ಪಕ್ಕದ ಪ್ರಯೋಗಾಲಯದ ಏಳು ಜನರಿಗೆ ಹೊಟ್ಟೆಯುರಿ. ಅವರು ಹಸಿರು ಬೆಳಕಿನ ಲೇಸರ್ ಮಾಡಿ ಗೆದ್ದವರು. ಇವಳದು ನೀಲಿ. ಮೂರು ವರ್ಷವಾದರೂ ಆ ನೀಲಿ ಅವಳ ಹೆಸರಿಗಷ್ಟೇ ಅಂಟಿಕೊಂಡಿತ್ತು.

"ಸಂಜೆ ಐದಕ್ಕೆ ಬರ್ತೀನಿ. ಲೇಸರ್ ತೋರಿಸಿದ್ರೆ ಕೋಣೆ ನಿಮ್ದು, ಇಲ್ಲಾಂದ್ರೆ ಹಸಿರಿನವರದ್ದು," ಎಂದರು ನಿರ್ದೇಶಕರು.

ನೀಲಿ ಬೆಳಕು ಹೊಮ್ಮಿಸಲೆಂದು ನೀಲಕ್ಕ ತಯಾರಿಸಿದ್ದ ಅಣುಗಳದ್ದು ಒಂದೇ ಚಾಳಿ. ದ್ರಾವಣ ಗಾಜಿನ ಮೇಲೆ ಒಣಗುತ್ತಲೇ ಒಂದಕ್ಕೊಂದು ಅಂಟಿಕೊಂಡು ಬೆಳಕನ್ನು ನುಂಗಿಬಿಡುತ್ತಿದ್ದವು. ಅದಕ್ಕೇ ಈ ಸಲ ಪ್ರತಿ ಅಣುವಿಗೂ ನಾಲ್ಕು ದಪ್ಪ ತೋಳು ಜೋಡಿಸಿದ್ದಳು, ಪಕ್ಕದವರನ್ನು ದೂರವೇ ನಿಲ್ಲಿಸಲಿ ಎಂದು.

ತನ್ನ ಪಕ್ಕದವರನ್ನು ದೂರ ನಿಲ್ಲಿಸಲು ಏನು ಜೋಡಿಸುವುದು? ಮೊದಲು ಬಂದವನು ಹಸಿರಿನವರ ಹಿರಿಯ. "ದ್ರಾವಣ ಗಟ್ಟಿ ಮಾಡಿ ನೀಲಕ್ಕ, ಚೆನ್ನಾಗಿ ಹೊಳೆಯುತ್ತೆ." ಮಾಡಿದಳು. ಪದರ ಒಡೆದ ಹಾಲಿನಂತೆ ಗಂಟುಗಂಟಾಯಿತು. ಇನ್ನೊಬ್ಬಳು ಬೇಗ ಒಣಗಲೆಂದು ಉಫ್ ಎಂದು ಊದಿ, ಜೊತೆಗೆ ಎಂಜಲನ್ನೂ ಸಿಡಿಸಿದಳು. ಮೂರನೆಯವನು ಮೇಜಿಗೆ ಒರಗಿದ್ದೇ ತಡ, ದ್ರಾವಣ ತೆಳ್ಳಗೆ ಹರಡಲೆಂದು ಯಂತ್ರದ ಮೇಲೆ ಗಿರ್ರನೆ ತಿರುಗುತ್ತಿದ್ದ ಗಾಜು ಹಾರಿ ಗೋಡೆಗೆ ಬಡಿಯಿತು.

ಸೀಸೆಯಲ್ಲಿ ಉಳಿದದ್ದು ಒಂದೇ ಹನಿ. ಗಂಟೆ ನಾಲ್ಕೂವರೆ.

"ಎಲ್ಲರೂ ಹೊರಗೆ ನಡೀರಿ! ಉಪಕಾರ ಸಾಕು!" ನೀಲಕ್ಕ ಚಿಲಕ ಹಾಕಿದಳು. ಹೊಸ ಗಾಜನ್ನು ತಿರುಗಲು ಬಿಟ್ಟು, ಉಸಿರು ಬಿಗಿಹಿಡಿದು ಆ ಹನಿಯನ್ನು ಬಿಟ್ಟಳು.

ಐದಕ್ಕೆ ಸರಿಯಾಗಿ ನಿರ್ದೇಶಕರು ಬಂದರು. ಹಿಂದೆಯೇ ಏಳೂ ಜನ ಬಾಗಿಲಲ್ಲಿ ಕತ್ತು ತೂರಿಸಿದರು. ಪದರದ ಮೇಲೆ ಬೆಳಕಿನ ಮಿಡಿತ ಬಿತ್ತು. ಮೊದಲು ಮಂಕಾದ ನೀಲಿ ಮಬ್ಬು. ಮಿಡಿತದ ಬಲವನ್ನು ಒಂದೊಂದೇ ಗೆರೆ ಏರಿಸಿದಳು. ಇದ್ದಕ್ಕಿದ್ದಂತೆ, ಕಂಪ್ಯೂಟರ್ ತೆರೆಯ ಮೇಲೆ ಬೆಳಕಿನ ನಕ್ಷೆಯಲ್ಲಿ ಹರಡಿಕೊಂಡಿದ್ದ ಗುಡ್ಡ ಸೂಜಿಯ ಮೊನೆಯಾಯಿತು. ಅಪ್ಪಟ ನೀಲಿ ಲೇಸರ್!

ಕಾರಿಡಾರೆಲ್ಲ ಚಪ್ಪಾಳೆ. ಹಸಿರಿನ ಹಿರಿಯನೇ ಸಿಳ್ಳೆ ಹಾಕಿದ. ನೀಲಕ್ಕನಿಗೆ ಸಂತೋಷಕ್ಕೆ ಅಳು ಬಂದುಬಿಟ್ಟಿತು.

"ಕೋಣೆ ನಂದೇ ತಾನೆ ಸರ್?"

"ನಿಮ್ದೇ! ಯಾರು ಕಿತ್ಕೊಳ್ತಾರೆ ನೋಡೋಣ!" ನಿರ್ದೇಶಕರು ಹಿಗ್ಗಿಹೋಗಿದ್ದರು. "ಇಷ್ಟು ದೊಡ್ಡ ಕೆಲಸಾನ ಒಬ್ಬರ ತಲೆ ಮೇಲೆ ಹೇರೋಕಾಗುತ್ತಾ? ಇವತ್ತಿಂದ ನೀವೇ ಮುಖ್ಯಸ್ಥೆ. ಈ ಏಳೂ ಜನ ನಿಮ್ಮ ಕೈಕೆಳಗೆ, ಇದೇ ಕೋಣೇಲಿ!"

ಆಗಲೇ ಕುರ್ಚಿಗಳು ಒಳಗೆ ಬರತೊಡಗಿದ್ದವು.

"ಅಭಿನಂದನೆ ಮೇಡಂ," ಎಂದ ಹಸಿರಿನ ಹಿರಿಯ, ಬಹಳ ವಿನಯದಿಂದ. "ಸ್ವಲ್ಪ ಸರೀತೀರಾ?"

ಏಳು ಕುರ್ಚಿ ಹಿಡಿಸಿದವು. ಎಂಟನೆಯದನ್ನು, ಅಂದರೆ ಮುಖ್ಯಸ್ಥೆಯದನ್ನು, ಕಾರಿಡಾರಿನಲ್ಲಿ ಹಾಕಿದರು.